ವೇದಕ್ಕನ ನೇರಳೆ ಸಾಕ್ಷಿ

ಶಿರಸಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವೇದಕ್ಕ ಪ್ರತಿ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಒಳಗೆ ಇಣುಕಿ, "ಎಂತ ಹೇಳ್ತು ಇವತ್ತು?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ಬ್ಯಾಕ್ಟೀರಿಯಾಗಳನ್ನು. ಜೊತೆಗೆ ಪಾಠ ಮಾಡುತ್ತಿದ್ದ ನಾನು ನಕ್ಕರೆ, "ನಗಡ, ಇವಕ್ಕೆ ಬಾಯಿಲ್ಲೆ, ಬಣ್ಣ ಇದ್ದು" ಎಂದು ಗದರುತ್ತಿದ್ದರು.

ನೀರಿನಲ್ಲಿ ತಾಮ್ರ ಹೆಚ್ಚಿದ್ದರೆ ನೇರಳೆ ಪ್ರೋಟೀನು ತಯಾರಿಸುವಂತೆ ಅವರು ಆ ಬ್ಯಾಕ್ಟೀರಿಯಾಗಳ ಜೀನು ತಿದ್ದಿದ್ದರು. ಬಣ್ಣ ಬರಿಗಣ್ಣಿಗೇ ಕಾಣಬೇಕೆಂಬುದು ಅವರ ಹಟ. ಹಟಕ್ಕೆ ಕಾರಣ, ಕಣ್ಣಿಗೆ ಕಾಣದ್ದನ್ನು ನಂಬದ, ಇಡಗುಂದಿಯಲ್ಲಿದ್ದ ಅವರ ಅಣ್ಣ ಗಣಪಣ್ಣ. ಅಡಿಕೆಯ ಕೊಳೆರೋಗದ ಔಷಧಿಗೆಂದು ಗಣಪಣ್ಣ ಮೈಲುತುತ್ತ ಕದಡುತ್ತಿದ್ದ ಡ್ರಮ್ಮು ಬಾವಿಕಟ್ಟೆಗೇ ತಾಗಿಕೊಂಡಿತ್ತು. ಮೈಲುತುತ್ತವೆಂದರೆ ತಾಮ್ರವೇ. ಮನೆಮಂದಿಯೆಲ್ಲ ಕುಡಿಯುತ್ತಿದ್ದುದು ಆ ಬಾವಿಯ ನೀರನ್ನೇ.

ತಂಗಿಯ ಕಾಟ ತಡೆಯಲಾರದೆ ಗಣಪಣ್ಣ ಒಮ್ಮೆ ನೀರು ತಂದುಕೊಟ್ಟರು. ಅದನ್ನು ಹಾಕಿದ ಬ್ಯಾಕ್ಟೀರಿಯಾದ ಪ್ಲೇಟು ಮರುದಿನ ನೇರಳೆಯಾಯಿತು. ನಾನು ಕುಣಿದಾಡುವಷ್ಟರಲ್ಲಿ ವೇದಕ್ಕನ ಕಣ್ಣು ನೀರು ಬಂದ ಪಾತ್ರೆಯ ಮೇಲೆ ಬಿತ್ತು. ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ ತಾಮ್ರದ ತಂಬಿಗೆ!

"ಇದು ತಂಬಿಗೆ ಸುದ್ದಿ ಅಣ್ಣಾ, ಬಾವಿ ಸುದ್ದಿ ಅಲ್ಲ," ಎಂದು ಫೋನಿನಲ್ಲಿ ಬೈದರು.

"ನಿನ್ನ ಹುಳ ಸುಳ್ಳು ಹೇಳ್ತು ಅಂತಾತು," ಎಂದು ಆ ಕಡೆ ಅಣ್ಣ ನಕ್ಕಿದ್ದು ನನಗೂ ಕೇಳಿಸಿತು.

ಮುಂದಿನ ವಾರ ವೇದಕ್ಕನೇ ಹೋಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ತಂದರು. ಬಸ್ಸಿಳಿದು ನೇರ ಪ್ರಯೋಗಾಲಯಕ್ಕೆ ಬಂದು, ಪ್ಲೇಟಿಗೆ ಹಾಕಿ, "ನಾಳೆ ಗೊತ್ತಾಗ್ತು" ಎಂದು ಹೊರಟರು. ಬೆಳಗಾಗುವಷ್ಟರಲ್ಲಿ ಅವರ ಹೃದಯ ನಿಂತುಹೋಗಿತ್ತು.

ದಹನ ಮುಗಿದ ಮೇಲೆ ಇನ್‌ಕ್ಯುಬೇಟರ್ ತೆರೆದೆ. ಪ್ಲೇಟು ಕಡುನೇರಳೆ. ಕೇಳಿದವರು ಹೋದ ಮೇಲೆ ಉತ್ತರ ಬಂದು ಕೂತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗಣಪಣ್ಣನನ್ನು ಕರೆಸಿದೆ. ಪ್ಲೇಟಿನ ಮೇಲೆ ಬಗ್ಗಿ ನೋಡಿದರು. "ಇದನ್ನೂ ತಂಬಿಗೆಲೇ ತಂದಿತ್ತಾ?" ಎಂದು ಕೇಳಿದರು. ನಾನು ಕಿಟಕಿಯಲ್ಲಿದ್ದ ಬಾಟಲಿ ತೋರಿಸಿದೆ. ಅವರು ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಡ್ರಮ್ಮು ಇವತ್ತೇ ತೆಗೀತಿ. ಈ ಪ್ಲೇಟು ಯಂಗೆ ಕೊಡಿ, ಮನೇಲಿ ಇಟ್ಕತ್ತಿ."

ಕೊಡುವಂತಿರಲಿಲ್ಲ. ತಿದ್ದಿದ ಜೀವ ಹೊಸ್ತಿಲು ದಾಟಬಾರದೆಂಬುದು ವೇದಕ್ಕನ ಕಟ್ಟಪ್ಪಣೆ. ಅವರೆದುರೇ ಪ್ಲೇಟನ್ನು ಆವಿಯಲ್ಲಿ ಬೇಯಿಸಿದೆ. ಹೊರತೆಗೆದಾಗ ಬಣ್ಣ ಹೋಗಿತ್ತು.

ಈಗ ಪ್ರತಿ ಮಳೆಗಾಲ ಗಣಪಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ಕಳಿಸುತ್ತಾರೆ. ಪ್ಲೇಟು ಬೆಳ್ಳಗೇ ಉಳಿಯುತ್ತದೆ. ಸಂತೋಷಪಡಬೇಕಾದ್ದೇ, ಪಡುತ್ತೇನೆ ಕೂಡ. ಆದರೆ ಆ ಬಾಗಿಲು ತೆರೆಯುವಾಗ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗುತ್ತದೆ. ಹಳೆಯ ಪ್ರಶ್ನೆ ಕೇಳಿಸುತ್ತದೆ. ನಾನು ತಿರುಗಿ ನೋಡುವುದಿಲ್ಲ.

"ಎಂತದೂ ಹೇಳ್ತಿಲ್ಲೆ, ವೇದಕ್ಕ," ಎಂದು ಮೆಲ್ಲಗೆ ಬಾಗಿಲು ಮುಚ್ಚುತ್ತೇನೆ.