ಕೈದಿ ಕೊಟ್ಟ ಚೀಟಿ

ಪುಣೆಯ ಖರಾಡಿಯಲ್ಲಿ ಜಪಾನಿ ಕಾಗದಪತ್ರ ಅನುವಾದಿಸುವುದು ನನ್ನ ಕೆಲಸ. ಅದು ಗೊತ್ತಿದ್ದೇ ನಮ್ಮ ಅಪಾರ್ಟ್‌ಮೆಂಟಿನ ಬಸವಂತರಾಯರು, ವಿಜಯಪುರದ ಕಡೆಯ ಹಿರಿಯರು, ಒಂದು ಮಧ್ಯಾಹ್ನ ಹಳೆಯ ಚೀಟಿಯೊಂದನ್ನು ಹಿಡಿದು ಮನೆಗೆ ಬಂದರು. ಅವರ ತಂದೆ ಬರ್ಮಾ ಯುದ್ಧದಲ್ಲಿ ಸಿಪಾಯಿ. ಸೆರೆಸಿಕ್ಕ ಜಪಾನಿ ಸೈನಿಕರನ್ನು ಅಧಿಕಾರಿಗಳು ವಿಚಾರಣೆ ಮಾಡುವಾಗ ಬಾಗಿಲಲ್ಲಿ ಕಾವಲಿದ್ದವರು. ಹೊರಗೆ ಬರುತ್ತಿದ್ದ ಕೈದಿಯೊಬ್ಬ ಈ ಚೀಟಿಯನ್ನು ಅವರ ಕೈಗೆ ತುರುಕಿದ್ದನಂತೆ.

“ವಿಳಾಸ ಇದ್ರ ಅವರ ಮನಿಗೆ ಮುಟ್ಟಸೋಣ್ರಿ,” ಎಂದರು ರಾಯರು.

ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿದೆ, ಕಿಟಕಿಯ ತನಕ ಹೋಗಿ ಬಂದೆ.

“ಏನ್ ಬರದಾನ್ರಿ?”

“‘ಒಳಗೆ ಹೇಳಿದ್ದು ಸುಳ್ಳು ಹೆಸರು, ನಿಜವಾದದ್ದು ಇದು. ನಾನು ಜೀವಂತ ಸಿಕ್ಕಿಬಿದ್ದೆನೆಂದು ಮನೆಯವರಿಗೆ ತಿಳಿಸಬೇಡಿ, ನಮ್ಮಲ್ಲಿ ಅದು ಸಾವಿಗಿಂತ ದೊಡ್ಡ ಅವಮಾನ. ಅವರ ಪಾಲಿಗೆ ನಾನು ಯುದ್ಧದಲ್ಲಿ ಸತ್ತಿರಲಿ.’ ಕೆಳಗೆ ಹೆಸರು, ಊರು ಎರಡೂ ಇವೆ. ಓದ್ಲಾ ಸರ್?”

ರಾಯರು ನನ್ನ ಕೈಯಿಂದ ಚೀಟಿ ತೆಗೆದುಕೊಂಡರು.

“ಬ್ಯಾಡ್ರಿ. ನಮ್ಮಪ್ಪಗ ಓದಾಕ ಬರಂಗಿಲ್ಲಂತ ಗೊತ್ತಿದ್ದೇ ಅವ ಕೊಟ್ಟಾನ.”

ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಜಪಾನಿ ಕಲಿತದ್ದಕ್ಕೆ ನಾನು ಬೇಸರಪಟ್ಟಿದ್ದು ಅದೊಂದೇ ಸಲ. ಆ ಹೆಸರು ಈಗ ನನಗೊಬ್ಬನಿಗೇ ಗೊತ್ತು.