ಮಾತನಾಡಿಸಲು ಬಂದವರಿಗೆ ಬಾಗಿಲು ಹಾಕಿದೆ

ಬೇಡಕಿಹಾಳದಿಂದ ಟೆಂಪೊ ತುಂಬ ಬಂದ ನೆಂಟರು ನಮ್ಮ ಮನೆ ಮುಂದೆ ಇಳಿದಾಗ ಒಬ್ಬರ ಮುಖದ ಮೇಲೂ ಮಾಸ್ಕ್ ಇರಲಿಲ್ಲ. ನನ್ನ ಯಜಮಾನರು ಕೊರೊನಾದಿಂದ ತೀರಿಕೊಂಡ ವಾರದಲ್ಲೇ ನಮ್ಮನ್ನು ಮಾತನಾಡಿಸಲು ಬಂದಿದ್ದರು. ಉಬ್ಬಸದ ಅತ್ತೆ ಒಳಗೆ ಮಲಗಿದ್ದರು. ಮಗನಿಗೆ ಬಂದ ರೋಗ ಅವರಿಗೂ ತಗುಲಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಹೊಸ್ತಿಲಲ್ಲೇ ನಿಂತು ಕೈ ಮುಗಿದೆ.

“ಇಲ್ಲೇ ಕಟ್ಟಿ ಮ್ಯಾಲೆ ಕೂಡ್ರಿ. ಮಾಸ್ಕರ ಹಾಕ್ಕೊಳ್ರಿ.”

ಯಜಮಾನರ ಚಿಕ್ಕಮ್ಮ, ನಾವೆಲ್ಲ ಕಾಕು ಎನ್ನುವವರು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದರು. “ಎಲ್ಲೀ ಕೊರೊನಾ ಹಚ್ಚಿಯವ್ವಾ? ಅವನ ಆಯುಷ್ಯ ಅಷ್ಟ ಇತ್ತು. ಬಾಜೂಕ ಸರಿ, ನಿಮ್ಮತ್ತಿ ಕೊಳ್ಳ ಹಿಡದ ಒಂದೀಟ ಅತ್ತು ಹೋಗ್ತೀನಿ.”

ನಾನು ಅವರ ಮುಖದೆದುರೇ ಬಾಗಿಲು ಹಾಕಿ ಅಗಳಿ ಜಡಿದೆ. “ಎಷ್ಟ ಸೊಕ್ಕ ನೋಡ ಇಕಿಗೆ!” ಎಂದದ್ದು ಹೊರಗಿನಿಂದ ಕೇಳಿಸಿತು. ಯಾರದಾದರೂ ಕೊರಳಿಗೆ ಬಿದ್ದು ಅಳಬೇಕೆಂದು ಆ ದಿನ ನನಗೂ ಅನಿಸಿತ್ತು.

ಅತ್ತೆ ಇಂದಿಗೂ ನನ್ನ ಜೊತೆಗಿದ್ದಾರೆ. ಕಾಕು ಸಿಕ್ಕಾಗಲೆಲ್ಲ, “ಏನರ ಆತೇನ ಆಕಿಗೆ? ಸುಮ್ಸುಮ್ನ ಬಾಗಲಾ ಹಾಕಿದಿ” ಎನ್ನುತ್ತಾರೆ. ಏನೂ ಆಗಬಾರದೆಂದೇ ಹಾಕಿದ್ದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.