ಯಾರ ಕೂದಲು ಅಂತ ಕೇಳು

ನನ್ನ ಎದೆಯಲ್ಲಿ ಒಂದು ಗಂಟಿತ್ತು. ಔಷಧ ಕೊಟ್ಟು ಅದನ್ನು ಕರಗಿಸಿದರು. ಗಂಟಿನ ಜೊತೆ ತಲೆಕೂದಲೂ ಹೋಯಿತು. ಡಾಕ್ಟರು ಇದನ್ನು ಮೊದಲೇ ಹೇಳಿದ್ದರಿಂದ ಅವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ನಾನು ಸಿಟ್ಟಿನ ಹೆಂಗಸು. ಸಿಟ್ಟು ಮಾಡಲು ಯಾರೂ ಸಿಗದಿದ್ದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಕಲಬುರಗಿಯ ಕೋಟೆಯ ಹತ್ತಿರ ನಮ್ಮ ಮನೆ. ಮನೆಯಲ್ಲಿ ನಾನು, ನಂದೂರಿನ ಬೇಳೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮತ್ತು ಅತ್ಯಾ. ಅತ್ಯಾ ಅಂದರೆ ನನ್ನ ತಂದೆಯ ಅಕ್ಕ. ತಂದೆ ತೀರಿಕೊಂಡ ಮೇಲೆ ತವರಿನ ತಾಮ್ರದ ಹಂಡೆಯ ಜೊತೆ ಅವಳೂ ನಮ್ಮಲ್ಲಿಗೆ ಬಂದಳು. ಹುಡುಗಿಯಾಗಿದ್ದಾಗಲೇ ಗಂಡ ಸತ್ತಿದ್ದ. ಆಗಿನ ಪದ್ಧತಿಯಂತೆ ಅವಳ ತಲೆ ಬೋಳಿಸಿದ್ದರು. ಅಂದಿನಿಂದ ಕೆಂಪು ಸೀರೆ, ತಲೆಯ ಮೇಲೆ ಸೆರಗು, ಮತ್ತು ಮಡಿ. ಅಡುಗೆಮನೆಯಲ್ಲಿ ಒಂದೇ ಒಂದು ಕೂದಲು ಕಂಡರೂ ಅವತ್ತಿನ ಅಡುಗೆಯೆಲ್ಲ ಆಕಳಿಗೆ ಹೋಗುತ್ತಿತ್ತು.

ಹೀಗೆ ಮನೆಯಲ್ಲಿ ಬೋಳುತಲೆಯವರು ಇಬ್ಬರಾದೆವು. ನನ್ನ ಗಂಡ ತನ್ನನ್ನೂ ಅರ್ಧ ಲೆಕ್ಕಕ್ಕೆ ಹಿಡಿ ಅಂದರು.

ಒಂದು ದಿನ ತಲೆ ತುಂಬ ಸೆರಗು ಹೊದ್ದು, ಬಾಗಿಲಿಗೆ ಬೆನ್ನು ಮಾಡಿ ಅಂಗಳದಲ್ಲಿ ಬೇಳೆ ಆರಿಸುತ್ತ ಕೂತಿದ್ದೆ. ಓಣಿಯ ಹೆಂಗಸೊಬ್ಬಳು ಹೆಪ್ಪು ಕೇಳಲು ಬಂದವಳು ಹಿಂದಿನಿಂದ, "ಅತ್ಯಾರ, ನಿಮ್ಮ ಸೊಸಿ ಹೆಂಗಿದ್ದಾಳ್ರಿ? ಉಳೀತಾಳಂತೇನು?" ಅಂದಳು.

ನಾನು ತಿರುಗಿದೆ. "ಉಳೀತೀನಂತರಿ," ಅಂದೆ.

ಅವಳು ಹೆಪ್ಪು ಬಿಟ್ಟೇ ಹೋದಳು.

ನಮ್ಮ ಕಡೆ ಬೋಳುತಲೆಯ ಹೆಂಗಸು ಅಂದರೆ ಅರ್ಥ ಒಂದೇ. ಹಣೆಗೆ ಎಷ್ಟೇ ದೊಡ್ಡ ಕುಂಕುಮ ಇಟ್ಟುಕೊಂಡರೂ ಜನ ಮೊದಲು ತಲೆ ನೋಡುತ್ತಾರೆ, ಆಮೇಲೆ ಗಂಡನ ಆರೋಗ್ಯ ವಿಚಾರಿಸುತ್ತಾರೆ. ಜೂನಿನಲ್ಲಿ ಕಮಲಾಪುರದ ಶಾಲೆ ತೆರೆಯುವುದಿತ್ತು. ನಾನಲ್ಲಿ ಟೀಚರು. ಈ ತಲೆ ಹೊತ್ತು ಆ ಮಕ್ಕಳ ಮುಂದೆ ನಿಲ್ಲುವುದಿಲ್ಲ, ನೌಕರಿ ಹೋದರೆ ಹೋಗಲಿ ಅಂತ ಗಟ್ಟಿ ಮಾಡಿದೆ. ನನಗೆ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಊರಿನಲ್ಲಿ ನನಗೆ ಗೊತ್ತಿದ್ದ ವಿಗ್ಗಿನ ಅಂಗಡಿ ಒಂದೇ, ನಾಟಕದವರಿಗೆ ಬಾಡಿಗೆ ಕೊಡುವುದು. ಅಲ್ಲಿ ದ್ರೌಪದಿಯದೊಂದು, ರಾಕ್ಷಸಿಯದೊಂದು ಇತ್ತು. ನಾನು ಹೋದ ದಿನ ದ್ರೌಪದಿಯದು ಹೊರಗೆ ಹೋಗಿತ್ತು.

ಕಂಪ್ಯೂಟರಿನಲ್ಲಿ ತರಿಸುತ್ತೇನೆ ಅಂದಾಗ ಅತ್ಯಾ ರಂಪ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ. "ತರಿಸು. ಬ್ಯಾಡ ಅನ್ನಂಗಿಲ್ಲ. ಆದ್ರ ಯಾರ ಕೂದಲು ಅಂತ ಕೇಳು. ಸತ್ತವರದೋ ಇದ್ದವರದೋ, ಕೊಟ್ಟದ್ದೋ ಕಸಗೊಂಡದ್ದೋ. ತಿಳೀದ ಮನಿಯೊಳಗ ತರಬ್ಯಾಡ," ಅಂದಳು.

ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯ ಮಾಲೀಕ ನನ್ನನ್ನು ಸೀದಾ ಒಂದು ದೊಡ್ಡ ಅಂಗಡಿಯ ಪುಟಕ್ಕೆ ಕರೆದೊಯ್ದ. "ಮೇಡಂ, ಎಲ್ಲಾರೂ ಇದೇ ದುಕಾನದಾಗ ತೊಗೊಂತಾರ. ಸೂಜಿಯಿಂದ ಸೈಕಲ್ ತನಕಾ ಸಬ್ ಕುಛ್ ಅದ," ಅಂದ. ಇತ್ತು. ವಿಗ್ಗುಗಳು ಪಾರ್ಟಿ ಸಾಮಾನಿನ ಸಾಲಿನಲ್ಲಿದ್ದವು, ಹಸಿರು, ಗುಲಾಬಿ, ಮತ್ತು ಅಸಲಿ ಕೂದಲು ಅಂತ ಬರೆದಿದ್ದ ಒಂದು ಕಪ್ಪು. ಪ್ರಶ್ನೆ ಕೇಳುವ ಜಾಗದಲ್ಲಿ ಇದು ಯಾರ ಕೂದಲು ಅಂತ ಬರೆದೆ. ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ ಅಂತ ಉತ್ತರ ಬಂತು. ಮತ್ತೆ ಕೇಳಿದೆ. ಇದನ್ನು ನೋಡಿದವರು ಹುಟ್ಟುಹಬ್ಬದ ಬಲೂನನ್ನೂ ನೋಡಿದ್ದಾರೆ ಅಂತ ಬಂತು.

"ಕೂದಲು ಯಾರದು ಅಂತ ಯಾರರ ಕೇಳ್ತಾರೇನ್ರಿ?" ಮಾಲೀಕನಿಗೆ ಬೇಸರವಾಗಿತ್ತು. "ಊರಿಗೆಲ್ಲಾ ಒಂದು ದಾರಿ ಆದ್ರ ನಿಮಗೊಂದು ದಾರಿ."

"ಹೌದ್ರಿ. ಆ ನನ್ನ ದಾರಿ ಎಲ್ಲಿ ಅದ ಹುಡುಕ್ರಿ," ಅಂದೆ.

ಹುಡುಕಿದ. ಪುಟದ ಮೇಲೆ ಪುಟ ದಾಟಿದ ಮೇಲೆ ತಮಿಳು ಸೀಮೆಯ ಒಂದು ಸಣ್ಣ ಕಾರ್ಖಾನೆಯವರು ತಾವೇ ಮಾಡಿಕೊಂಡ ಪುಟ ಸಿಕ್ಕಿತು. ನೋಡಲು ಕೆಟ್ಟದಾಗಿತ್ತು, ಅಕ್ಷರಗಳು ಕಣ್ಣು ಮಿಟುಕಿಸುತ್ತಿದ್ದವು. ಆದರೆ ಕೆಳಗೊಂದು ಫೋನ್ ನಂಬರಿತ್ತು. ಮಾಡಿದರೆ ಒಬ್ಬ ಹೆಂಗಸು ಎತ್ತಿಕೊಂಡಳು. ಅವಳ ಹಿಂದೆ ಹೊಲಿಗೆ ಯಂತ್ರ ಓಡುತ್ತಿತ್ತು. ಇಬ್ಬರದೂ ಅಷ್ಟಕ್ಕಷ್ಟೇ ಇಂಗ್ಲಿಷು. ಅತ್ಯಾನ ಪ್ರಶ್ನೆ ಕೇಳಿದೆ. ಅವಳು ನಗಲಿಲ್ಲ. ದೇವಸ್ಥಾನದ್ದು, ಜನ ಹರಕೆ ಹೊತ್ತು ಮುಡಿ ಕೊಟ್ಟದ್ದು, ಹರಾಜಿನಲ್ಲಿ ನಾವೇ ಹೋಗಿ ಕೊಳ್ಳುತ್ತೇವೆ ಅಂದಳು. ಆಮೇಲೆ ಅವಳೇ ಕೇಳಿದಳು: ಮೊದಲು ನಿಮ್ಮ ಕೂದಲು ಹೇಗಿತ್ತು?

ಅಲ್ಲಿಯವರೆಗೆ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಫೋನಿನಲ್ಲೇ ಅತ್ತೆ. ಅವಳು ಫೋನ್ ಇಡದೆ ಕಾದಳು. ಮಾಲೀಕ ಎದ್ದುಹೋಗಿ ಫ್ಯಾನು ಜೋರು ಮಾಡಿ ಬಂದ.

ಹಳೆಯ ಫೋಟೋ ಕಳಿಸಿದೆ, ತಲೆಯ ಅಳತೆ ಕಳಿಸಿದೆ, ಬ್ಯಾಂಕಿಗೆ ಹೋಗಿ ಡ್ರಾಫ್ಟ್ ತೆಗೆಸಿ ಕಳಿಸಿದೆ. ಶಾಲೆ ತೆರೆಯುವ ಮುಂಚೆ ಪಾರ್ಸೆಲ್ ಬಂತು. ಅತ್ಯಾ ಡಬ್ಬಿಯ ಮೇಲೆ ನೀರು ಚಿಮುಕಿಸಿ, ತುಳಸಿಯ ಮುಂದಿಟ್ಟು, "ದೇವರಿಗೆ ಮುಟ್ಟಿ ಬಂದದ್ದು. ಪ್ರಸಾದ ಆತು. ಹಾಕ್ಕೋ," ಅಂದಳು. ಹಾಕಿಕೊಂಡೆ. ನನ್ನ ಗಂಡ ಪೇಟೆಗೆ ಹೋಗಿ ಮಲ್ಲಿಗೆ ತಂದರು.

ಕಮಲಾಪುರದಲ್ಲಿ ಯಾರೂ ನನ್ನ ಗಂಡನ ಆರೋಗ್ಯ ವಿಚಾರಿಸಲಿಲ್ಲ. ಮಕ್ಕಳು ಎಂದಿನಂತೆ ಗದ್ದಲ ಮಾಡಿದರು, ನಾನು ಎಂದಿನಂತೆ ಬೈದೆ. ಜೊತೆಯ ಟೀಚರೊಬ್ಬರು, "ಜಡ್ಡಿನಿಂದ ಎದ್ದು ಬಂದ ಮ್ಯಾಲೆ ಜಡಿ ಇನ್ನೂ ಚಲೋ ಆಗ್ಯಾದಲ್ರಿ, ಯಾವ ಎಣ್ಣಿ?" ಅಂದರು. ಬಾಯಿಗೆ ಬಂದ ಒಂದು ಎಣ್ಣೆಯ ಹೆಸರು ಹೇಳಿದೆ. ಆ ವಾರ ಊರಿನ ಅಂಗಡಿಗಳಲ್ಲಿ ಅದು ಮುಗಿದುಹೋಯಿತಂತೆ.

ಆ ಶನಿವಾರ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಅತ್ಯಾನ ಮುಂದಿಟ್ಟು ಎಣ್ಣೆಯ ಕತೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೂ ಕಣ್ಣು ಒರೆಸುತ್ತಲೇ ಇದ್ದಳು.

"ಮುಡಿ ಕೊಡೋರನ್ನ ಮದಲ ಕೇಳಿರ್ತಾರ, ಹೌದಿಲ್ಲೋ?" ಅಂದಳು.

"ಅವರಾಗೇ ಹರಕಿ ಹೊತ್ತಿರ್ತಾರ, ಅತ್ಯಾ."

"ನನ್ನ ಯಾರೂ ಕೇಳ್ಲಿಲ್ಲ. ಕೂದಲು ಮಂಡಿ ತನಕಾ ಇತ್ತು." ಹಣ್ಣಿನ ಸಿಪ್ಪೆಯನ್ನು ಮಡಚಿ ತಟ್ಟೆಯಲ್ಲಿಟ್ಟಳು. "ಆಕೀನ ಕೇಳು, ಇನ್ನೊಂದು ಮಾಡ್ತಾಳೇನಂತ. ಹೊರಗ ಹಾಕ್ಕೊಂಡು ಹೋಗಂಗಿಲ್ಲ ನಾ. ಸುಮ್ಮ ಕೂತು ಬಾಚಣಿಕಿಲೆ ಹಿಕ್ಕೋತೀನಿ."

ಮನೆಯಿಂದಲೇ ಫೋನ್ ಮಾಡಿದೆ. ಅತ್ಯಾ ಪಕ್ಕದಲ್ಲಿ ಕೂತಿದ್ದಳು. ಆ ಹೆಂಗಸು ನನ್ನ ದನಿ ಗುರುತಿಸಿ, ಯಾರಿಗೆ ಅಂತ ಕೇಳಿದಳು. ನಮ್ಮ ಮನೆಯ ಹಿರಿಯರಿಗೆ, ಎಂಬತ್ತು ದಾಟಿದೆ, ಬಿಳಿಯದು ಮಾಡಿ ಅಂದೆ.

ಅತ್ಯಾ ನನ್ನ ಸೆರಗು ಹಿಡಿದು ಜಗ್ಗಿದಳು.

"ಬಿಳಿದು ಯಾಕ? ಅವರು ತಗದಾಗ ನಂದು ಕರಿದಿತ್ತು."

ಫೋನಿನ ಆ ಕಡೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ತಪ್ಪಾಯಿತು, ಕಪ್ಪು ಅಂತ ಬರೆದುಕೊಳ್ಳಿ, ಮಂಡಿಯವರೆಗೆ, ಅಂದೆ.